ಎಡಕ್ಕೆ ಅಂದ್ರೆ ಎಡಕ್ಕೆ

ಅಯ್ಯೋ, ಬೈಬೇಡಿ ಅಕ್ಕಾ ನಿಮ್ಮ ಹುಡುಗನನ್ನ. ಈ ಕಾಂಪೌಂಡಿಂದಾನೇ ಕಾಣ್ತಿದೆ, ಅವನು ಯಾರ ಜೊತೇನೂ ಚಾಟ್ ಮಾಡ್ತಿಲ್ಲ. ಮೈನ್‌ಕ್ರಾಫ್ಟ್ ಆಟದಲ್ಲಿ ಚಾಟ್ ತೆರೆದು ತನ್ನ ಗೊಂಬೆಗೆ ಅಪ್ಪಣೆ ಕೊಡ್ತಿದಾನೆ. ಒಂದು ಸ್ಲ್ಯಾಶ್ ಹಾಕಿ, ಟಿಪಿ ಅಂತ ಬರೆದು, ಮುಂದೆ ಮೂರು ಸಂಖ್ಯೆ ಕೊಟ್ರೆ ಗೊಂಬೆ ನೇರ ಅಲ್ಲಿಗೇ ಹೋಗಿ ನಿಲ್ಲುತ್ತೆ. ಮೊದಲನೇದು ಪೂರ್ವ-ಪಶ್ಚಿಮ, ಎರಡನೇದು ಎತ್ತರ, ಮೂರನೇದು ಉತ್ತರ-ದಕ್ಷಿಣ. ಹೈಸ್ಕೂಲಲ್ಲಿ ಎರಡು ಗೆರೆ ಎಳೆದು ಹೇಳಿಕೊಡ್ತಾರಲ್ಲ ನಿರ್ದೇಶಾಂಕ, ಅದೇ ಇದು, ಇಲ್ಲಿ ಮೂರನೇ ಗೆರೆ ಸೇರಿದೆ ಅಷ್ಟೇ. ಎತ್ತರ ಜಾಸ್ತಿ ಕೊಟ್ರೆ ಗೊಂಬೆ ಮೇಲಿಂದ ಬೀಳುತ್ತೆ. ಸ್ಪೆಲಿಂಗ್ ತಪ್ಪಿದ್ರೆ ಅಲ್ಲಾಡೋದೇ ಇಲ್ಲ.

ಹೀಗೆ ಬರೆದು ಆಟ ಆಡೋದು ಇವತ್ತಿನ ಹುಚ್ಚೂ ಅಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅನ್ನೋ ವಿದ್ಯಾರ್ಥಿ ‘ಮಡ್’ ಅಂತ ಒಂದು ಆಟ ಶುರು ಮಾಡಿದ. ರಿಚರ್ಡ್ ಬಾರ್ಟಲ್ ಅದನ್ನ ಬೆಳೆಸಿದ. ಚಿತ್ರ ಒಂದೂ ಇಲ್ಲ, ಬರೀ ಅಕ್ಷರ. ‘ಉತ್ತರ’ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಉತ್ತರಕ್ಕೆ ಹೋದ ಹಾಗೆ. ಹೊಸಕೆರೆಹಳ್ಳಿ ಕ್ರಾಸಲ್ಲಿ ದಾರಿ ಕೇಳಿದವರಿಗೆ ನಾವು ಬಾಯಲ್ಲೇ ತಿರುವು ಹೇಳಿ ಕಳಿಸ್ತೀವಲ್ಲ, ಹಾಗೆ.

2014ರ ಫೆಬ್ರವರಿ 12ಕ್ಕೆ ಇಂಥದ್ದೇ ಇನ್ನೊಂದು ಶುರುವಾಯ್ತು ನೋಡಿ. ಟ್ವಿಚ್ ಅನ್ನೋ ಜಾಲತಾಣದಲ್ಲಿ ಪೋಕೆಮಾನ್ ರೆಡ್ ಆಟದ ಒಂದೇ ಹುಡುಗನನ್ನ ಲಕ್ಷಾಂತರ ಜನ ಚಾಟಿಂದ ನಡೆಸಿದ್ರು. ಒಬ್ಬ ಮೇಲಕ್ಕೆ ಅಂತಾನೆ, ಇನ್ನೊಬ್ಬ ಕೆಳಕ್ಕೆ ಅಂತಾನೆ. ಬರೆದದ್ದು ಪರದೆ ಮೇಲೆ ಕಾಣೋ ಹೊತ್ತಿಗೆ ತಡ ಬೇರೆ. ಒಂದು ಸಣ್ಣ ದಿಣ್ಣೆಯಂಚು ದಾಟೋಕೆ ಗಂಟೆಗಟ್ಟಲೆ ಹಿಡೀತು. ಆಮೇಲೆ ವೋಟು ಎಣಿಸಿ ಹೆಜ್ಜೆ ಇಡೋ ‘ಡೆಮಾಕ್ರಸಿ’ ಅನ್ನೋ ವಿಧಾನಾನೂ ಬಂತು. 16 ದಿನಕ್ಕೆ, ಮಾರ್ಚ್ 1ಕ್ಕೆ, ಆಟ ಮುಗಿಸೇಬಿಟ್ರು! ಮುಖಾನೇ ನೋಡದ ಜನ ಒಂದೇ ಕಡೆ ಹೆಜ್ಜೆ ಹಾಕಿದ್ದು ನನಗೆ ಇವತ್ತಿಗೂ ದೊಡ್ಡದು ಅನ್ಸುತ್ತೆ.

ರಿಂಗ್ ರೋಡಿನ ಪಿಇಎಸ್ ವಿಶ್ವವಿದ್ಯಾಲಯದಲ್ಲಿ ಇವನು ಕಂಪ್ಯೂಟರ್ ಸೈನ್ಸ್ ಓದಲಿ ಅಂತ ನಿಮಗೆ ಆಸೆ ಅಲ್ವಾ? ಆ ಓದಿನ ಮೊದಲ ಪಾಠ ಇಲ್ಲೇ ಇದೆ ಅಕ್ಕಾ: ಯಂತ್ರಕ್ಕೆ ಅಂದಾಜು ಮಾತು ಆಗಲ್ಲ, ಹೇಳೋದನ್ನ ಅಚ್ಚುಕಟ್ಟಾಗಿ ಹೇಳಬೇಕು. ಗುರುತಿಲ್ಲದವರ ಸರ್ವರ್‌ಗೆ ಮಾತ್ರ ಬಿಡಬೇಡಿ, ಮನೇಲೇ ಒಂದು ಲೋಕ ಕಟ್ಕೊಳ್ಳಲಿ. ಆಮೇಲೆ ಅವನೇ ಪೈಥಾನ್‌ನಲ್ಲಿ ಒಂದು ಪುಟ್ಟ ಆಟ ಬರೀಲಿ, ‘ಎಡಕ್ಕೆ’, ‘ಬಲಕ್ಕೆ’ ಅಂತ ಕನ್ನಡದಲ್ಲೇ ಅಪ್ಪಣೆ ಇಟ್ಟು. ಕನ್ನಡ ಅಕ್ಷರಾನೂ ಕಂಪ್ಯೂಟರಿಗೆ ಚೆನ್ನಾಗೇ ಗೊತ್ತಾಗುತ್ತೆ. ಮೊದಲು ನೀವೇ ಆಡಿ ನೋಡಿ, ಎಲ್ಲಿ ಎಡವುತ್ತೆ ಅಂತ ಅವನಿಗೆ ಹೇಳಿ.