ಹದಿನಾರು ಸಾವಿರ ಹರ್ಟ್ಸ್ ಯಾರಿಗೆ?

ಅರವತ್ತು ದಾಟಿದವರಿಗೆ ಏನಾದರೊಂದು ಹುಚ್ಚು ಹಿಡಿಯಲೇಬೇಕು ಎಂಬುದು ನಮ್ಮ ಸರಸ್ವತಿ ನಗರದ ಅಲಿಖಿತ ಕಾನೂನು. ನಮ್ಮ ಸಾಲಿನಲ್ಲೇ ಒಬ್ಬರು ತಾರಸಿಯ ಮೇಲೆ ಬದನೆ ಬೆಳೆಯುತ್ತಾರೆ. ಇನ್ನೊಬ್ಬರು ಬೆಳಗಾಗೆದ್ದು ಕಂಡಕಂಡವರನ್ನು ಕೂರಿಸಿಕೊಂಡು ಬಿಪಿ ನೋಡುತ್ತಾರೆ. ನನ್ನ ಪಾಲಿಗೆ ಬಂದದ್ದು ಸಾಲ್ಡರಿಂಗ್ ಐರನ್ನು. ಕೈಯಾರೆ ಒಂದು ಈಕ್ವಲೈಜರ್ ಕಟ್ಟಿ, ಒಂದಾನೊಂದು ಕಾಲದಲ್ಲಿ ಭದ್ರಾವತಿ ಆಕಾಶವಾಣಿಯಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಹಾಡುಗಳನ್ನು ಅದರಲ್ಲಿ ಹಾಯಿಸಿ ಕೇಳಬೇಕು ಎಂದು ಮನೆಯಲ್ಲಿ ಘೋಷಿಸಿದೆ. "ಈಗೇನು ಕೇಳಸ್ತಿಲ್ವಾ?" ಎಂದಳು ಹೆಂಡತಿ. ಇಂಥ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕೂತವರು ಯಾರೂ ಏನನ್ನೂ ಕಟ್ಟಿಲ್ಲ.

ನಮ್ಮ ಕಾಲದಲ್ಲಿ ಈಕ್ವಲೈಜರ್ ಎಂದರೆ ಅಂತಸ್ತು. ಟೇಪ್ ರೆಕಾರ್ಡರಿನ ಮುಂದೆ ಐದು ಸ್ಲೈಡರ್ ಇದ್ದರೆ ಆ ಮನೆಗೆ ಬೀಗರು ಸಿಗುವುದು ಸುಲಭ. ವಿಚಿತ್ರವೆಂದರೆ ಯಾರ ಮನೆಗೆ ಹೋದರೂ ಸ್ಲೈಡರುಗಳು ನಿಂತಿರುತ್ತಿದ್ದ ಭಂಗಿ ಒಂದೇ: ಎರಡೂ ತುದಿ ಮೇಲೆ, ನಡುವಿನದು ಪಾತಾಳಕ್ಕೆ. ಆ ನಡುವೆಯೇ ಇರುವುದು ಹಾಡುವವರ ಗಂಟಲು. ಅದನ್ನು ಒತ್ತಿ ಹಿಡಿದು, ತಬಲಾ ಮತ್ತು ತಾಳವನ್ನಷ್ಟೇ ಕೇಳಿ, "ಏನ್ ಹಾಡ್ಯಾರ ನೋಡ್ರಿ!" ಎಂದು ತಲೆದೂಗುತ್ತಿದ್ದೆವು.

ಗೊತ್ತಿಲ್ಲದವರಿಗೆ ಒಂದು ಮಾತು. ಈಕ್ವಲೈಜರ್ ಮಾಡುವುದು ನಮ್ಮೂರ ಖಾರ ಮಂಡಕ್ಕಿಯವನು ಮಾಡುವ ಕೆಲಸವನ್ನೇ. ಒಬ್ಬರಿಗೆ ಈರುಳ್ಳಿ ಜಾಸ್ತಿ, ಇನ್ನೊಬ್ಬರಿಗೆ ಖಾರ ಕಮ್ಮಿ. ಇಲ್ಲಿ ಹೆಚ್ಚುಕಮ್ಮಿ ಮಾಡುವುದು ತಗ್ಗಿನ, ನಡುವಿನ, ಎತ್ತರದ ಸದ್ದುಗಳನ್ನು; ಸ್ಲೈಡರಿಗೊಂದರಂತೆ ಇರುವ ಆ ಪಾಲಿಗೆ ಬ್ಯಾಂಡ್ ಎಂದು ಹೆಸರು. ಮಂಡಕ್ಕಿಯೇ ಮೆತ್ತಗಾಗಿದ್ದರೆ ಅವನೂ ಏನೂ ಮಾಡಲಾರ.

ಸ್ಪೇರ್ ಪಾರ್ಟ್ಸ್ ಅಂಗಡಿಯವನು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು, "ಮಾಡೋದಾದ್ರ ಹತ್ತು ಬ್ಯಾಂಡಿಂದೇ ಮಾಡ್ರಿ ಸಾರ್, ಸಣ್ಣದು ಮಾಡಿ ಏನ್ ಮಾಡ್ತೀರಿ" ಎಂದ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ, "ಅಂಕಲ್, ಸಾಲ್ಡರಿಂಗ್ ಎಲ್ಲ ಯಾಕೆ? ಕೋಡ್ ಬರೆದ್ರೆ ಮುಗೀತು" ಎಂದು ನನ್ನ ಹುಚ್ಚಿನ ಬುಡಕ್ಕೇ ಕೊಡಲಿ ಹಾಕಿದ. ಅವನನ್ನು ಅಲ್ಲಿಗೇ ಬಿಟ್ಟು ಹತ್ತು ಬ್ಯಾಂಡಿನ ಲೆಕ್ಕಕ್ಕೆ ಕೂತೆ. ಒಂದೊಂದು ಬ್ಯಾಂಡಿಗೂ ಹಿಂದೆ ತಾಮ್ರದ ಸುರುಳಿ, ಅದಕ್ಕೆ ಜೋಡಿಯಾಗಿ ಒಂದು ಕೆಪಾಸಿಟರ್ ಬೇಕಾಗುತ್ತಿತ್ತು. ಈಗ ಸುರುಳಿಯ ಬದಲು ಐಸಿಯೇ ಇನ್ನೊಂದು ಕೆಪಾಸಿಟರ್, ಎರಡು ರೆಸಿಸ್ಟರ್ ಜತೆಗಿಟ್ಟುಕೊಂಡು ಸುರುಳಿಯ ವೇಷ ಕಟ್ಟುತ್ತದೆ. ಆ ವೇಷಕ್ಕೆ ಗೈರೇಟರ್ ಎಂದು ಹೆಸರು. ಸ್ಟೀರಿಯೋ ಎಂದರೆ ಇಂಥ 20 ವೇಷ, 20 ಸ್ಲೈಡರು, 40 ಕೆಪಾಸಿಟರು. ಒಂದು ಕೆಪಾಸಿಟರನ್ನು ಅಂಗೈಮೇಲಿಟ್ಟು ನೋಡಿದೆ: ಕಂದು ಬಣ್ಣದ ಬಿಲ್ಲೆ, ಮೇಲೆ ಇರುವೆ ಬರೆದಂತೆ 104. ಅಂದರೆ ಹತ್ತರ ಮುಂದೆ ನಾಲ್ಕು ಸೊನ್ನೆ, ಒಂದು ಲಕ್ಷ ಪಿಕೋಫ್ಯಾರಡ್. ಗೃಹಸ್ಥರ ಭಾಷೆಯಲ್ಲಿ 0.1 ಮೈಕ್ರೋಫ್ಯಾರಡ್. ಪಕ್ಕದ್ದು 103. ಭೂತಗನ್ನಡಿ ಸ್ವಲ್ಪ ಅಲುಗಿದರೂ 3 ಹೋಗಿ 4 ಆಗಿ ಕಾಣುತ್ತದೆ. ಇಂಥವು ನಲವತ್ತು!

ಹಾಗಾಗಿ ಹತ್ತು ಬ್ಯಾಂಡನ್ನೂ ಚೀಟಿಯ ಮೇಲೆ ಬರೆದು ಒಂದೊಂದನ್ನೇ ವಿಚಾರಣೆಗೆ ಕರೆದೆ: 31, 62, 125, 250, 500, ಸಾವಿರ, ಎರಡು ಸಾವಿರ, ನಾಲ್ಕು, ಎಂಟು, ಹದಿನಾರು ಸಾವಿರ ಹರ್ಟ್ಸ್. ಪ್ರತಿಯೊಂದೂ ಹಿಂದಿನದರ ದುಪ್ಪಟ್ಟು, ಷಡ್ಜದಿಂದ ತಾರಷಡ್ಜಕ್ಕೆ ಜಿಗಿದ ಹಾಗೆ.

ಮೊದಲು ಹದಿನಾರು ಸಾವಿರ. ವಯಸ್ಸಾದಂತೆ ಕಿವಿ ಮೇಲಿನಿಂದಲೇ ಸವೆಯುತ್ತ ಬರುತ್ತದೆ. ಆ ಎತ್ತರದ ಸದ್ದು ನನ್ನನ್ನು ಬಿಟ್ಟು ಎಷ್ಟೋ ಕಾಲವಾಯಿತು. ಮೊಮ್ಮಗನಿಗೆ ಕೇಳಿಸುತ್ತದೆ, ಆದರೆ ಅವನು ನನ್ನ ಹಾಡು ಕೇಳುವುದಿಲ್ಲ. ಹೊಡೆದು ಹಾಕಿದೆ. ಎಂಟು ಸಾವಿರ? ಭದ್ರಾವತಿಯಿಂದ ಬರುತ್ತಿದ್ದುದು ಮೀಡಿಯಂ ವೇವ್. ನಮ್ಮ ದೇಶದಲ್ಲಿ ಅದರ ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ನಡುವೆ ಬಿಡುವ ಜಾಗ ಒಂಬತ್ತು ಕಿಲೋಹರ್ಟ್ಸ್. ಹಾಡಿಗೆ ದಕ್ಕುವುದು ಅದರ ಅರ್ಧವೇ. ಹೀಗಾಗಿ ಐದು ಸಾವಿರದಿಂದ ಮೇಲೆ ಹಾಡಿನದು ಹೆಚ್ಚೇನೂ ಉಳಿದಿರುವುದಿಲ್ಲ. ಎಂಟು ಸಾವಿರದ ಸ್ಲೈಡರ್ ಎತ್ತಿದರೆ ಏಳುವುದು ಕ್ಯಾಸೆಟ್ಟಿನ ಬುಸುಬುಸು ಮಾತ್ರ. ಅದೂ ಹೋಯಿತು.

ಇನ್ನು ಕೆಳಗಿನವು. 31 ಮತ್ತು 62 ನನ್ನ ನಾಲ್ಕಿಂಚಿನ ಸ್ಪೀಕರಿಗೆ ಎಟುಕುವುದಿಲ್ಲ; ಅವು ಬೇಕಿದ್ದರೆ ಗಣಪತಿ ಬಿಡುವ ದಿನ ಡಿಜೆ ಹಿಂದೆ ನಿಂತರಾಯಿತು, ಎದೆಗೂಡಿಗೇ ಪುಕ್ಕಟೆ ಬಂದು ಬಡಿಯುತ್ತವೆ. 125 ಇರಲಿ, ಅದು ಮೃದಂಗದ ಎಡಭಾಗಕ್ಕೆ ಮೈ ಕೊಡುತ್ತದೆ. ನಡುವಿನ ಐದರ ವಿಷಯದಲ್ಲಿ ನನ್ನದು ಹಟ. ಎರಡರಿಂದ ನಾಲ್ಕು ಸಾವಿರದಲ್ಲೇ ಮನುಷ್ಯನ ಕಿವಿ ಅತಿ ಚುರುಕು, ಮಾತಿನ ವ್ಯಂಜನಗಳು ಸ್ಪಷ್ಟವಾಗುವುದೂ ಆ ಸುಮಾರಿನಲ್ಲೇ. ಹರೆಯದಲ್ಲಿ ಅಷ್ಟು ಜನ ಹಾಡುವವರ ಗಂಟಲು ಒತ್ತಿದ್ದು ಸಾಕು, ಇನ್ನು ಅದನ್ನು ಮುಟ್ಟುವ ಮಾತಿಲ್ಲ.

ಹಾಗಾದರೆ ಉಳಿದದ್ದೇನು? ಕೆಳಗೆ ಒಂಚೂರು ಹೆಚ್ಚುಕಮ್ಮಿ, ಮೇಲೆ ಒಂಚೂರು ಹೆಚ್ಚುಕಮ್ಮಿ. ಬಾಸ್, ಟ್ರೆಬಲ್! ಪೀಟರ್ ಬ್ಯಾಕ್ಸಂಡಾಲ್ ಎಂಬ ಇಂಗ್ಲೆಂಡಿನ ಇಂಜಿನಿಯರು 1952ರ ಅಕ್ಟೋಬರಿನಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದು ಕೊಟ್ಟ ಸರ್ಕ್ಯೂಟು ಇದಕ್ಕೇ ಇರುವುದು. ಎರಡೂ ನಾಬ್ ನಡುವೆ ನಿಂತರೆ ಹಾಡು ಇದ್ದ ಹಾಗೇ ಹೊರಬರುತ್ತದೆ. ಎಂಟು ಕಾಲಿನ ಒಂದು 4558 ಐಸಿ ಎರಡೂ ಚಾನೆಲಿಗೆ ಸಾಕು. ಹೊಸಬರು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇಲ್ಲಿ ಹಾಡು ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಒಂದು ಸಂಜೆಯಲ್ಲಿ ಹುಡುಕಬಹುದು. ಇಪ್ಪತ್ತು ವೇಷದವರ ಮಧ್ಯೆ ಕಳ್ಳನನ್ನು ಹಿಡಿಯಲು ಪೊಲೀಸರೇ ಬರಬೇಕು.

ಕರೆಂಟಿನದೂ ಒಂದು ಪಂಚಾಯ್ತಿ. 12-0-12 ಟ್ರಾನ್ಸ್‌ಫಾರ್ಮರ್ ಹಾಕಿದರೆ 7812, 7912 ಎಂಬ ರೆಗ್ಯುಲೇಟರುಗಳು ಬೇಕು. ನೋಡಲು ಅವಳಿ-ಜವಳಿ, ಕಾಲುಗಳ ಕ್ರಮ ಮಾತ್ರ ಬೇರೆ: ಒಂದರಲ್ಲಿ ಗ್ರೌಂಡು ನಡುವೆ, ಇನ್ನೊಂದರಲ್ಲಿ ತುದಿಗೆ. ಯಾರ ಹೊಟ್ಟೆಕಿಚ್ಚಿಗೆ ಹೀಗೆ ಮಾಡಿದರೋ! ಒಂಬತ್ತು ವೋಲ್ಟಿನ ಎರಡು ಬ್ಯಾಟರಿ ಸಾಕೆಂದು ತೀರ್ಮಾನಿಸಿದೆ. ಗುಂಯ್‌ಗುಡುವ ಹಮ್ಮಿಂಗ್ ಇಲ್ಲ, ಶಾಕ್ ಹೊಡೆಯುವ ಭಯವೂ ಇಲ್ಲ.

ಚೀಟಿ ನೋಡಿದ ಅಂಗಡಿಯವನ ಮುಖ ಬಾಡಿತು. "ಎರಡೇ ನಾಬಾ? ಲೈಟಾದ್ರೂ ಹಾಕ್ಸ್ರಿ ಸಾರ್. ಹಾಡಿಗೆ ತಕ್ಕಂಗ ಕುಣಿತಾವು." ಲೈಟಿನಿಂದ ಸದ್ದಿಗೆ ಕಿಲುಬುಕಾಸಿನ ಉಪಯೋಗವಿಲ್ಲ ಎಂದು ತಿಳಿದ ಮನುಷ್ಯ ನಾನು. ಆದರೂ ಅವನು ಎಲ್‌ಎಂ 3915 ಎಂಬ ಐಸಿಯನ್ನು ಮೇಜಿನ ಮೇಲಿಟ್ಟು, ಮೂರು ಮೂರು ಡೆಸಿಬೆಲ್ಲಿಗೆ ಒಂದೊಂದರಂತೆ ಅದು ಹತ್ತು ದೀಪ ಉರಿಸುತ್ತದೆ ಎಂದಾಗ ಕೈ ತಾನಾಗಿ ಜೇಬಿಗೆ ಹೋಯಿತು. ಹತ್ತೂ ಉರಿದರೆ ಬ್ಯಾಟರಿ ಒಂದು ರಾತ್ರಿ ತಡೆಯುವುದಿಲ್ಲ. ಆದ್ದರಿಂದ ದೀಪಕ್ಕೆಂದೇ ಬೇರೆ ಅಡಾಪ್ಟರ್ ಕೊಂಡೆ. ಹಾಡಿಗೆ ಬ್ಯಾಟರಿ, ದೀಪಕ್ಕೆ ಕರೆಂಟು.

ಮೊನ್ನೆ ಬಿಪಿ ನೋಡುವವರು ಬಂದಿದ್ದರು. ಪೆಟ್ಟಿಗೆಯ ಮುಂದೆ ಬಗ್ಗಿ, ಬೆರಳು ಮಡಚುತ್ತಾ ದೀಪಗಳನ್ನು ಎಣಿಸಿ, "ಹತ್ತು ಬ್ಯಾಂಡಿಂದೇನ್ರಿ?" ಎಂದರು.

"ನೀವೇ ಎಣಿಸಿದ್ರಲ್ಲ" ಎಂದೆ.