ಗುಜರಿಯವನೂ ಮುಟ್ಟದ ತೊಟ್ಟೆ

“ಎಂತ ಮಾಷ್ಟ್ರೆ, ಆ ಆಮೆಗೆ ಬುದ್ಧಿ ಇಲ್ಯಾ? ತಿಂಬುಕೆ ಬೇರೆ ಎಂತದೂ ಸಿಕ್ಕದೆ ಪ್ಲಾಸ್ಟಿಕ್ ತೊಟ್ಟೆಯಾ?”

ಬೇಲಿಯಾಚೆಯ ಅಕ್ಕನ ಪ್ರಶ್ನೆ ಇದು. ಕುಂದಾಪುರದ ಕೋಡಿ ಮರಳಿನಲ್ಲಿ ಕಡಲಾಮೆ ಮೊಟ್ಟೆಯಿಟ್ಟು ಹೋದರೆ ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುತ್ತಾರೆ. ಮರಿ ಹೊರಬರುವಾಗ ನೋಡಲು ಜನ ಮೊಬೈಲ್ ಹಿಡಿದು ನಿಲ್ಲುತ್ತಾರೆ. ಇಷ್ಟು ಉಪಚಾರ ಮಾಡಿಸಿಕೊಂಡು ಕಡಲಿಗೆ ಹೋದದ್ದು ತೊಟ್ಟೆ ತಿಂದು ಸತ್ತರೆ ಅಕ್ಕನಿಗೆ ಸಿಟ್ಟು ಬರಬೇಕಾದ್ದೇ.

ನಾನು ಆಮೆಯ ಪರ ವಕಾಲತ್ತು ವಹಿಸಿದೆ. ನೀರಲ್ಲಿ ತೇಲುವ ತೊಟ್ಟೆ ಅದರ ಕಣ್ಣಿಗೆ ಜೆಲ್ಲಿ ಮೀನು. ಕಣ್ಣಿನ ಜೊತೆ ಮೂಗೂ ಮೋಸಹೋಗುತ್ತದೆ. ಕೆಲವು ವಾರ ಕಡಲಲ್ಲಿದ್ದ ಪ್ಲಾಸ್ಟಿಕ್ಕಿಗೆ ಪಾಚಿ, ಸೂಕ್ಷ್ಮಜೀವಿ ಹತ್ತಿಕೊಂಡು ತಿನ್ನುವ ವಸ್ತುವಿನದೇ ವಾಸನೆ ಬರುತ್ತದೆ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಲಾಗರ್‌ಹೆಡ್ ಆಮೆಗಳು ಊಟದ ವಾಸನೆಗೆ ಹೇಗೋ ಅಂಥ ಪ್ಲಾಸ್ಟಿಕ್ಕಿನ ವಾಸನೆಗೂ ಹಾಗೆಯೇ ನೀರಿನಿಂದ ಮೂಗು ಮೇಲೆತ್ತಿದ್ದವು. ಬಾಯಿಗೆ ಹೋದ ಮೇಲೆ ಉಗುಳುವುದೂ ಕಷ್ಟ. ಗಂಟಲ ತುಂಬ ಹೊಟ್ಟೆಯ ಕಡೆಗೆ ಬಾಗಿದ ಮುಳ್ಳುಗಳು. ಜಾರುವ ಬೇಟೆ ತಪ್ಪಿಸಿಕೊಳ್ಳದಿರಲೆಂದು ದೇವರು ಕೊಟ್ಟದ್ದು; ಹಿಂದೆಯೇ ಸಾಂಬಾರಿನ ತೊಟ್ಟೆ ಬರುತ್ತದೆಂದು ಅವನಿಗಾದರೂ ಹೇಗೆ ಗೊತ್ತಾಗಬೇಕು?

“ನಾನಂತೂ ಕಡಲಿಗೆ ಹಾಕ್ಲಿಲ್ಲ ಮಾರಾಯ್ರೆ.”

ಹಾಕಿದವರು ಯಾರೂ ಇಲ್ಲ, ಹೋಗುವುದು ಮಾತ್ರ ಹೋಗುತ್ತಲೇ ಇದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸೇರಿ ಗಂಗೊಳ್ಳಿ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಘಟ್ಟದ ಬುಡದ ಪೇಟೆಯಲ್ಲಿ ಚರಂಡಿಗೆ ಬಿದ್ದದ್ದು ಮಳೆಗೆ ತೋಡಿಗಿಳಿದು, ಹೊಳೆ ಸೇರಿ, ಟಿಕೆಟ್ಟಿಲ್ಲದೆ ಅಳಿವೆ ದಾಟುತ್ತದೆ. ಒಂದಿಷ್ಟನ್ನು ಕಡಲು ಮಳೆಗಾಲದಲ್ಲೇ ದಡಕ್ಕೆ ವಾಪಸು ಎಸೆಯುತ್ತದೆ. ನಾವು ಅದನ್ನು ಕಂಡು ‘ಕಡಲು ಗಲೀಜು’ ಎನ್ನುತ್ತೇವೆ! 2018ರಲ್ಲಿ ಥಾಯ್ಲೆಂಡಿನ ಸೊಂಗ್‌ಖ್ಲಾದಲ್ಲಿ ಸತ್ತ ಪೈಲಟ್ ತಿಮಿಂಗಿಲವೊಂದರ ಹೊಟ್ಟೆಯಲ್ಲಿ ಸುಮಾರು 80 ಪ್ಲಾಸ್ಟಿಕ್ ಚೀಲ ಸಿಕ್ಕಿದ್ದವು, 8 ಕಿಲೋ ತೂಕ ಎಂದೆ.

“ಎಂಬತ್ತಾ? ಅಷ್ಟು ನಮ್ಮ ಅಡುಗೆಕೋಣೆ ಬಾಗಿಲ ಹಿಂದೆಯೇ ಇತ್ತ್.”

ತೊಟ್ಟೆಯೊಳಗೆ ತೊಟ್ಟೆ ತುರುಕಿಟ್ಟ ಆ ಖಜಾನೆ ಯಾವ ಮನೆಯಲ್ಲಿಲ್ಲ! ಆದರೆ ಅದಕ್ಕಿಂತ ಒಳ್ಳೆಯ ಮಾತನ್ನು ಅಕ್ಕ ಆಮೇಲೆ ಆಡಿದರು. ಬಾಟ್ಲಿ, ಡಬ್ಬ ಕೊಟ್ಟರೆ ಗುಜರಿಯವ ತಕ್ಕೊಂಡು ಹೋಗುತ್ತಾನೆ, ಚಟ್ನಿ ತೊಟ್ಟೆ ಕೊಟ್ಟರೆ ಮುಖ ನೋಡುತ್ತಾನೆ. ನನಗೆ ಇಡೀ ಸಮಸ್ಯೆಯ ಗುಟ್ಟು ಇಲ್ಲಿದೆ ಎನಿಸಿತು. ಕಾಸು ಹುಟ್ಟುವುದನ್ನು ಯಾರಾದರೂ ಹೆಕ್ಕುತ್ತಾರೆ. ಎಣ್ಣೆ ಹಿಡಿದ ಸಣ್ಣ ತೊಟ್ಟೆ, ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಪದರ ಅಂಟಿಸಿ ಮತ್ತೆ ಬಿಡಿಸಲಾಗದಂತೆ ಮಾಡಿದ ಚಿಪ್ಸ್ ಪ್ಯಾಕೆಟ್, ಇವಕ್ಕೆ ಗಿರಾಕಿಯೇ ಇಲ್ಲ. ಕಡಲಿನ ಪಾಲಿಗೆ ಉಳಿಯುವುದು ಇವೇ. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟ, ಸ್ಟ್ರಾಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಚಿಪ್ಸ್ ಪ್ಯಾಕೆಟ್ ಇಲ್ಲ. ಚಮಚಕ್ಕೆ ಗಡಿಪಾರು, ಪ್ಯಾಕೆಟ್ಟಿಗೆ ಅಭಯ. ನಮ್ಮ ರಾಜ್ಯದಲ್ಲಂತೂ ಕೈಚೀಲಕ್ಕೆ 2016ರಿಂದಲೇ ನಿಷೇಧವಿದೆ. ಸಂತೆಗೆ ಅದು ಇನ್ನೂ ತಲುಪಿದಂತಿಲ್ಲ.

2025ರಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಹಾಸಬಾರದೆಂದು ಆರೋಗ್ಯ ಇಲಾಖೆ ಹೇಳಿತು ಎಂದದ್ದೇ ತಡ, ಅಕ್ಕ ಬೇಲಿ ಅಲುಗಾಡಿಸಿಬಿಟ್ಟರು. “ಹಲಸಿನ ಎಲೆ ಕೊಟ್ಟೆಯಲ್ಲಿ ಕಡುಬು ಬೇಯಿಸ್ದ ಊರಲ್ದಾ ಇದು? ನಾನು ಬುಟ್ಟಿ ಹೊತ್ತು ಮೀನು ಮಾರುವಾಗ ಬಂಗುಡೆ ಕಟ್ಟಿ ಕೊಡ್ತಾ ಇದ್ದದ್ದು ಸಾಗುವಾನಿ ಎಲೆಯಲ್ಲಿ!”

ನಿಜ. ಆದರೆ ಸಾಗುವಾನಿ ಎಲೆಯಲ್ಲಿ ಸಾಂಬಾರು ನಿಲ್ಲುವುದಿಲ್ಲ. ಆಗ ಹೋಟೆಲಿನಿಂದ ಸಾಂಬಾರು ಮನೆಗೆ ತರುವವರೂ ಇರಲಿಲ್ಲ. ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವುದಕ್ಕಿಂತ ಪಾತ್ರೆ ಹಿಡಿದುಕೊಂಡು ಹೋಗುವುದು ಸುಲಭ ಎಂದುಕೊಂಡು ನಾನು ಈಚೆಗೆ ಪಾರ್ಸಲ್ಲಿಗೆ ಮುಚ್ಚಳದ ಸ್ಟೀಲ್ ಕ್ಯಾನು ಒಯ್ಯುತ್ತೇನೆ. ಪೇಟೆಯ ಒಂದು ಹೋಟೆಲಿನ ಮಾಣಿ ಬಹಳ ವಿನಯದಿಂದ ಕ್ಯಾನು ತೆಗೆದುಕೊಂಡ. ಒಳಗೆ ಹೋಗಿ ಸಾಂಬಾರನ್ನು ತೊಟ್ಟೆಗೆ ತುಂಬಿದ, ತೊಟ್ಟೆಯನ್ನು ಕ್ಯಾನಿಗೆ ಸುರಿದ, ಖಾಲಿ ತೊಟ್ಟೆ ಬುಟ್ಟಿಗೆ ಎಸೆದ. ಕೇಳಿದರೆ, “ಅಳತೆ ಬೇಕಲ್ಲ ಸಾರ್!”

ಅವನನ್ನು ಬೈದು ಪ್ರಯೋಜನವಿಲ್ಲ. ಅಡುಗೆಮನೆಯ ಲೆಕ್ಕವೇ ತೊಟ್ಟೆಯಲ್ಲಿ ನಡೆಯುವಾಗ ಗಿರಾಕಿಯೊಬ್ಬನ ಕ್ಯಾನು ಏನು ಮಾಡೀತು? ಬೆಲೆಪಟ್ಟಿಯಲ್ಲಿ ‘ಪಾತ್ರೆ ತಂದವರಿಗೆ ಇಷ್ಟು ಕಡಿಮೆ’ ಎಂದು ಹೋಟೆಲಿನವರೇ ಒಂದು ಸಾಲು ಬರೆಯಲಿ, ನಾಳೆಯೇ ಕ್ಯಾನುಗಳ ಸಾಲು ನಿಲ್ಲುತ್ತದೆ. ನಮ್ಮವರ ಪರಿಸರಪ್ರೇಮಕ್ಕಿಂತ ಎರಡು ರೂಪಾಯಿಯ ಮೇಲಿನ ಪ್ರೇಮದಲ್ಲಿ ನನಗೆ ನಂಬಿಕೆ ಹೆಚ್ಚು.

ಅಕ್ಕ ನಗು ಮುಗಿಸಿ ಒಳಗೆ ಹೋಗಿ, ಒಂದು ಡಬ್ಬಿಯ ಜೊತೆ ಸೌಟನ್ನೂ ಬೇಲಿಯ ಮೇಲಿಂದ ದಾಟಿಸಿದರು.

“ಕಾಣಿ, ಎರಡು ಸೌಟು ಅಂದ್ರೆ ಒಂದು ತೊಟ್ಟೆ ಅಂತ ಹೇಳಿ ಆ ಮಾಣಿಗೆ. ಡಬ್ಬಿಯಲ್ಲಿ ನನಗೆ ಎರಡು ಪ್ಲೇಟ್ ಗೋಳಿಬಜೆ. ಚಟ್ನಿ ಬೇಡ, ಮನೆಯಲ್ಲಿ ಕಾಯಿ ಇತ್ತ್.”