ಸರ್ವಸನ್ನದ್ಧನ ಏಷ್ಯಾ ಪರ್ಯಟನ

ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ಮಧ್ಯಮ ವರ್ಗದ ನೌಕರರ ಪೈಕಿ, ಕೆಲಸದ ನಿಮಿತ್ತ ಕೆಲವು ವಾರ ಹೊರದೇಶಗಳಲ್ಲಿ ಸುತ್ತಬೇಕಾಗಿ ಬಂದಾಗ, ಹೊರಡುವುದಕ್ಕಿಂತ ಹೊರಡುವ ಸಿದ್ಧತೆಯನ್ನೇ ಪರಮ ಪುರುಷಾರ್ಥವೆಂದು ಬಗೆಯುವ ಒಂದು ವರ್ಗವಿದೆ. ಆ ವರ್ಗಕ್ಕೆ ಸೇರಿದವನನ್ನು, ವಿವೇಚನೆಯ ಅನುಕೂಲಕ್ಕಾಗಿ, ಸರ್ವಸನ್ನದ್ಧ ಎಂದು ಕರೆಯಬಹುದು. ಪ್ರಾಚೀನ ಲಾಕ್ಷಣಿಕರು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕೇ ಬಗೆಯಾಗಿ ವಿಂಗಡಿಸಿದ್ದಕ್ಕೆ, ಅವರ ಕಾಲದಲ್ಲಿ ಲಗೇಜಿಗೆ ತೂಕದ ಮಿತಿ ಇಲ್ಲದಿದ್ದುದೇ ಕಾರಣವಿರಬೇಕು. ಇದ್ದಿದ್ದರೆ ಈ ಐದನೆಯವನು ಅವರ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ.

ದುಬೈ, ಸಿಂಗಪುರ, ಸೋಲ್, ಟೋಕಿಯೊ ಎಂಬ ಕ್ರಮದಲ್ಲಿ ಪ್ರವಾಸ ನಿಗದಿಯಾಗಿ ಕಚೇರಿಯಿಂದ ಮಿಂಚಂಚೆ ಬಂದಾಗ, ಅದರಲ್ಲಿ ಮಾಡಬೇಕಾದ ಕೆಲಸವನ್ನು ವಿವರಿಸುವ ಭಾಗವನ್ನು ಆಮೇಲೆ ಓದಿದರಾಯಿತೆಂದು ಬದಿಗಿಟ್ಟು, ದಿನಭತ್ಯೆಯ ಭಾಗಕ್ಕೆ ನೇರವಾಗಿ ಇಳಿಯುವುದು ಈ ವರ್ಗದ ಮೊದಲ ಲಕ್ಷಣ. ದಿನಭತ್ಯೆಯೆಂದರೆ ಹೊರದೇಶದಲ್ಲಿ ಊಟ, ತಿಂಡಿ, ಓಡಾಟಕ್ಕೆಂದು ಕಂಪನಿಯು ದಿನದ ಲೆಕ್ಕದಲ್ಲಿ ಕೊಡುವ ಹಣ. ಕೊಡುವವರ ಅಭಿಪ್ರಾಯದಲ್ಲಿ ಅದು ಖರ್ಚಾಗತಕ್ಕದ್ದು, ಸರ್ವಸನ್ನದ್ಧನ ಅಭಿಪ್ರಾಯದಲ್ಲಿ ಅದು ಫ್ಲ್ಯಾಟಿನ ಸಾಲದ ಕಂತು. ಈ ಎರಡು ಅಭಿಪ್ರಾಯಗಳ ನಡುವಿನ ಅಂತರವನ್ನು ಅವಲಕ್ಕಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಕೋಡುಬಳೆಗಳಿಂದ ತುಂಬುವ ಕಾರ್ಯಕ್ಕೇ ಪ್ಯಾಕಿಂಗ್ ಎಂದು ಹೆಸರು.

ಈ ಕಾರ್ಯವನ್ನು ಆಳುವ ಸಂಖ್ಯೆಗಳು ಮೂರು. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಗೆ ಅನೇಕ ವಿಮಾನಯಾನ ಸಂಸ್ಥೆಗಳು ವಿಧಿಸುವ 23 ಕಿಲೋ, ಕೈಚೀಲಕ್ಕೆ ಸಾಮಾನ್ಯವಾಗಿ ಬಿಡುವ 7 ಕಿಲೋ, ಮತ್ತು ಎಷ್ಟೇ ಹಣ ತೆತ್ತರೂ ಒಂದೇ ಪೆಟ್ಟಿಗೆಯಲ್ಲಿ ದಾಟಲಾಗದ 32 ಕಿಲೋ. ಈ ಕೊನೆಯ ಮಿತಿ ಹುಟ್ಟಿದ್ದು ಪೆಟ್ಟಿಗೆಗಳನ್ನು ಎತ್ತಿ ಇಳಿಸುವ ಕಾರ್ಮಿಕರ ಬೆನ್ನೆಲುಬಿನ ರಕ್ಷಣೆಗಾಗಿ. ತೂಗುವ ವಿಧಾನವೂ ಶಾಸ್ತ್ರೀಯವಾದುದೇ: ಸರ್ವಸನ್ನದ್ಧನು ಸೂಟ್‌ಕೇಸನ್ನು ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದ ಮೊತ್ತದಿಂದ ತನ್ನ ತೂಕವನ್ನು ಕಳೆಯುತ್ತಾನೆ. ಮದುವೆಯ ವರ್ಷದ ತನ್ನ ತೂಕವನ್ನೇ ಅವನು ಇಂದಿಗೂ ನಂಬಿಕೊಂಡಿರುವುದರಿಂದ ಪೆಟ್ಟಿಗೆಯಲ್ಲಿ ಯಾವಾಗಲೂ ಹತ್ತಾರು ಕಿಲೋ ಹೆಚ್ಚು ಕಾಣುತ್ತದೆ. ಅದಕ್ಕೆ ಪ್ರಾಯಶ್ಚಿತ್ತವಾಗಿ ಇಸ್ತ್ರಿ ಮಾಡಿದ ಅಂಗಿಗಳು ಹೊರಬೀಳುತ್ತವೆಯೇ ಹೊರತು ಕೋಡುಬಳೆಯ ಡಬ್ಬಿಯಲ್ಲ.

ತೂಕದ ಅಡ್ಡಿ ದಾಟಿದ ಬಳಿಕ ನಿಷೇಧಗಳ ಅಧ್ಯಯನ ಮೊದಲಾಗುತ್ತದೆ. ಇಲ್ಲಿ ಮೊದಲ ಪೆಟ್ಟು ತಿನ್ನುವವಳು ಮನೆಯ ಹಿರಿಯಳು. ಏಕೆಂದರೆ ತಿಪಟೂರಿನಿಂದ ತರಿಸಿದ ಒಣಕೊಬ್ಬರಿಯು, ಎಣ್ಣೆಯಂಶ ಹೇರಳವಾಗಿರುವ ಕಾರಣ, ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿದೆ. "ಕೊಬ್ಬರಿ ಅಂದ್ರೆ ಬಾಂಬೇನೋ?" ಎಂಬ ತಾಯಿಯ ಪ್ರಶ್ನೆಗೆ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಉತ್ತರವಿದ್ದರೂ ಅದನ್ನು ಅವಳೆದುರು ಓದಿ ಹೇಳುವ ಧೈರ್ಯ ಮಗನಿಗಿರುವುದಿಲ್ಲ. ಇನ್ನು ಚಟ್ನಿಪುಡಿಯೊಳಗೆ ಬೆರೆತುಹೋದ ಕೊಬ್ಬರಿ ಪ್ರತ್ಯೇಕ ಅಸ್ತಿತ್ವವುಳ್ಳದ್ದೋ ಅಥವಾ ಚಟ್ನಿಪುಡಿಯಲ್ಲೇ ಲೀನವಾದದ್ದೋ ಎಂಬ ವಿಚಾರದಲ್ಲಿ ಮನೆಯವರು ದ್ವೈತಿಗಳೂ ಅದ್ವೈತಿಗಳೂ ಆಗಿ ಒಡೆದು, ಕೊನೆಗೆ ಅದ್ವೈತವೇ ಗೆದ್ದು ಪುಡಿ ಪೆಟ್ಟಿಗೆ ಸೇರುತ್ತದೆ. ಗಸಗಸೆಗೆ ಆ ಭಾಗ್ಯವಿಲ್ಲ. ಅಫೀಮಿನ ಗಿಡದ ಬೀಜವಾದ ಅದು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ ವಸ್ತುವಾಗಿರುವುದರಿಂದ, ಹಬ್ಬದ ಪಾಯಸದ ಸಾಮಗ್ರಿಯೊಂದು ದುಬೈಯ ನಿಲ್ದಾಣದಲ್ಲಿ ಮಾದಕದ್ರವ್ಯವಾಗಿ ಪುನರ್ಜನ್ಮ ಪಡೆಯಬಹುದು. ಸಿಂಗಪುರವು 1992ರಿಂದ ಚ್ಯೂಯಿಂಗ್ ಗಮ್ಮಿನ ಆಮದನ್ನು ತಡೆದಿದೆ ಎಂದು ಓದಿದ ಮೇಲಂತೂ, ಎಂದೂ ಗಮ್ ಅಗಿಯದ ಈ ಮನುಷ್ಯ ತನ್ನ ಎಲ್ಲ ಪ್ಯಾಂಟುಗಳ ಜೇಬುಗಳನ್ನೂ ತಿರುವಿಹಾಕಿ ನೋಡುತ್ತಾನೆ.

ಆದರೂ ಅವನ ಪಾಂಡಿತ್ಯ ಪೂರ್ಣವಾಗಿ ಬೆಳಗುವುದು ವಿದ್ಯುತ್ತಿನ ವಿಷಯದಲ್ಲಿ. ದುಬೈ ಮತ್ತು ಸಿಂಗಪುರಗಳ ಗೋಡೆಗಳಲ್ಲಿ ಮೂರು ಚಪ್ಪಟೆ ಪಿನ್ನುಗಳ ಬ್ರಿಟಿಷ್ ಮಾದರಿಯ ಸಾಕೆಟ್ಟು, ಕೊರಿಯಾದಲ್ಲಿ ಎರಡು ಗುಂಡು ಪಿನ್ನಿನದು, ಜಪಾನಿನಲ್ಲಿ ಎರಡು ತೆಳು ಪಟ್ಟಿಗಳದು. ಹೀಗೆ ಒಂದು ಖಂಡದ ವಸಾಹತು ಚರಿತ್ರೆಯನ್ನು ಅವನು ಗೋಡೆಯ ತೂತುಗಳಿಂದಲೇ ಕಲಿಯುತ್ತಾನೆ. ಅಡಾಪ್ಟರ್ ಎಂಬುದು ಪಿನ್ನಿನ ಆಕಾರವನ್ನು ಮಾತ್ರ ಹೊಂದಿಸುವ ಸಾಧನ, ಕನ್ವರ್ಟರ್ ಎಂಬುದು ವೋಲ್ಟೇಜನ್ನೇ ಬದಲಿಸುವ ಸಾಧನ ಎಂಬ ಭೇದವನ್ನು ಅವನು ಊಟದ ಹೊತ್ತಿನಲ್ಲಿ ಮನೆಮಂದಿಗೆಲ್ಲ ಬೋಧಿಸುತ್ತಾನೆ. ಜಪಾನಿನ ವಿದ್ಯುತ್ತು 100 ವೋಲ್ಟಿನದು. ಅದರಲ್ಲೂ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೊ ನಗರವು ಜರ್ಮನಿಯ ಜನರೇಟರುಗಳನ್ನೂ ಒಸಾಕಾ ನಗರವು ಅಮೆರಿಕದ ಜನರೇಟರುಗಳನ್ನೂ ತರಿಸಿಕೊಂಡ ಕಾರಣ, ಆ ದೇಶದ ಪೂರ್ವಭಾಗದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60 ಹರ್ಟ್ಸ್ ಆವರ್ತನ ಇಂದಿಗೂ ಉಳಿದುಬಂದಿದೆ. ಇದರಿಂದ ತನಗೇನಾಗಬೇಕು ಎಂದು ಕೇಳಿಕೊಳ್ಳುವ ಪ್ರವೃತ್ತಿ ಸರ್ವಸನ್ನದ್ಧನದಲ್ಲ. ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ವೋಲ್ಟಿಗೆಂದು ತಯಾರಾದ ಪುಟ್ಟ ರೈಸ್ ಕುಕ್ಕರು ಟೋಕಿಯೊದಲ್ಲಿ ತನ್ನ ಶಾಖದ ಐದನೆಯ ಒಂದು ಪಾಲನ್ನೂ ಕೊಡಲಾರದು, ಆದಕಾರಣ ಅನ್ನ ಬೇಯದು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ಸಾಧಿಸಿ, ಆ ಕಾಗದವನ್ನು ಮಡಿಸಿ ಕುಕ್ಕರಿನೊಳಗೇ ಇಟ್ಟು, ಕುಕ್ಕರನ್ನು ಪ್ಯಾಕ್ ಮಾಡುತ್ತಾನೆ.

ಕೈಚೀಲದ ಅಧ್ಯಾಯ ಹೋಲಿಕೆಯಲ್ಲಿ ಸಣ್ಣದು. 2006ರಲ್ಲಿ ದ್ರವರೂಪದ ಸ್ಫೋಟಕಗಳಿಂದ ವಿಮಾನಗಳನ್ನು ಉರುಳಿಸುವ ಸಂಚೊಂದು ಬ್ರಿಟನ್ನಿನಲ್ಲಿ ಬಯಲಾದ ಬಳಿಕ ಬಂದ 100 ಮಿಲಿಲೀಟರಿನ ನಿಯಮದಿಂದಾಗಿ, ಕೊಬ್ಬರಿ ಎಣ್ಣೆ ಔಷಧದ ಸೀಸೆಗೆ ಇಳಿಯುತ್ತದೆ. ಪವರ್ ಬ್ಯಾಂಕನ್ನು ಪೆಟ್ಟಿಗೆಯಲ್ಲಿ ಇಡುವಂತಿಲ್ಲ, ಕೈಚೀಲದಲ್ಲೇ ಇಡಬೇಕು, ಅದೂ ಅನುಮತಿಯಿಲ್ಲದೆ ಒಯ್ಯಲು 100 ವಾಟ್-ಅವರ್ ಒಳಗಿರಬೇಕು. 20,000 ಮಿಲಿಆಂಪಿಯರ್-ಅವರಿನದನ್ನು 3.7 ವೋಲ್ಟಿನಿಂದ ಗುಣಿಸಿದರೆ 74 ವಾಟ್-ಅವರ್ ಬರುವುದೆಂದು ಅವನು ಅದರ ಬೆನ್ನಿಗೆ ಚೀಟಿಯನ್ನೇ ಅಂಟಿಸಿರುತ್ತಾನೆ. 2025ರ ಜನವರಿಯಲ್ಲಿ ಬುಸಾನಿನ ನಿಲ್ದಾಣದಲ್ಲಿ ವಿಮಾನವೊಂದಕ್ಕೆ ಬೆಂಕಿ ಬಿದ್ದ ಮೇಲೆ ಕೊರಿಯಾದ ವಿಮಾನಗಳಲ್ಲಿ ಅದನ್ನು ತಲೆಯ ಮೇಲಿನ ಗೂಡಿನಲ್ಲೂ ಇಡಬಾರದೆಂದು ನಿಯಮವಾಗಿರುವುದರಿಂದ, ಅದನ್ನು ಯಾವ ಜೇಬಿನಲ್ಲಿಟ್ಟು ಕೂರಬೇಕೆಂಬುದೂ ಬೆಂಗಳೂರಿನಲ್ಲೇ ತೀರ್ಮಾನವಾಗಿರುತ್ತದೆ.

ಇಷ್ಟಾದ ಬಳಿಕ ನಡೆಯುವ ಪ್ರವಾಸದ ಬಗ್ಗೆ ಹೇಳತಕ್ಕದ್ದು ಹೆಚ್ಚೇನಿಲ್ಲ. ನಾಲ್ಕು ನಗರಗಳಲ್ಲೂ ಹೋಟೆಲಿನಿಂದ ಕಚೇರಿಗೆ, ಕಚೇರಿಯಿಂದ ಹೋಟೆಲಿಗೆ ಓಡಾಡಿ, ಟೋಕಿಯೊದ ಗಡಿಯಾರ ಮೂರೂವರೆ ತಾಸು ಮುಂದಿರುವುದರಿಂದ ಬೆಂಗಳೂರಿನವರು ಸಂಜೆ ಕರೆದ ಸಭೆಗಳಿಗೆ ನಡುರಾತ್ರಿಯವರೆಗೆ ಕಣ್ಣುಜ್ಜುತ್ತ ಕುಳಿತು, ನೆನೆಸಿದ ಅವಲಕ್ಕಿ ತಿಂದು, ಭತ್ಯೆಯನ್ನು ಭದ್ರವಾಗಿ ಉಳಿಸಿಕೊಂಡು ಅವನು ಮರಳುತ್ತಾನೆ. ಏಷ್ಯಾವನ್ನು ಅವನು ಸಂದರ್ಶಿಸಿದ್ದು ಹೊರಡುವ ಮುನ್ನ, ತನ್ನ ಮಂಚದ ಮೇಲೆ, ಬಾಯ್ದೆರೆದ ಸೂಟ್‌ಕೇಸಿನ ಎದುರಿಗೆ. ಆಮೇಲಿನದು ಕೇವಲ ಸಾಗಾಣಿಕೆ. ಆದ್ದರಿಂದಲೇ ನೋಡಲು ಬಂದ ನೆಂಟರು ದುಬೈ ಹೇಗಿತ್ತೆಂದು ಕೇಳಿದರೆ ಗಸಗಸೆ ಬಿಡುವುದಿಲ್ಲವೆಂದೂ, ಸಿಂಗಪುರ ಹೇಗಿತ್ತೆಂದರೆ ಮೂರು ಪಿನ್ನೆಂದೂ, ಜಪಾನ್ ಹೇಗಿತ್ತೆಂದರೆ ನೂರು ವೋಲ್ಟೆಂದೂ ಅವನು ಉತ್ತರಿಸುತ್ತಾನೆ. ನೆಂಟರಿಗೆ ಇದರಿಂದ ನಿರಾಶೆಯೇನೂ ಆಗುವುದಿಲ್ಲ. ಅವರ ಮಗನಿಗೂ ಮುಂದಿನ ತಿಂಗಳು ಸೋಲ್‌ಗೆ ಹೊರಡುವುದಿದ್ದು, ಅವರು ಬಂದದ್ದೇ ಅಡಾಪ್ಟರನ್ನು ಎರವಲು ಕೇಳಲು.